ಕತ್ತರಿಯಮ್ಮನ ಮೂರನೆಯ ಕೈ

ಆ ಮನೆಯಲ್ಲಿ ನಾಲ್ಕು ಜನ, ಎಂಟು ಕೈ. ಮನೆಯೊಳಗೆ ದುಡಿಯುತ್ತಿದ್ದವು ಮಾತ್ರ ಎರಡೇ, ಆ ಎರಡೂ ಸೊಸೆಯವು. ಅಜ್ಜಿಯ ಕೈಗಳಿಗೆ ಎಂಬತ್ತೊಂದು ವರ್ಷದ ನಡುಕ. ಸೊಸೆಯ ಗಂಡ, ಅಜ್ಜಿಯ ಮೊಮ್ಮಗ, ಎಲೆಕ್ಟ್ರಿಷಿಯನ್, ಅವನ ಕೈಗಳು ಕಂಡವರ ಮನೆಯ ಸ್ವಿಚ್ಚು, ಮೀಟರುಗಳಿಗೆ ಮೀಸಲು. ಸ್ವಂತ ಅಡುಗೆಮನೆಯ ಟ್ಯೂಬ್‌ಲೈಟು ಮೂರು ತಿಂಗಳಿಂದ ಮಿಣುಕುತ್ತಿದ್ದರೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ. ಇನ್ನು ಅವನ ತಾಯಿಯ ಎರಡು ಕೈಗಳು ನಾಲ್ಕು ವರ್ಷಗಳಿಂದ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿದ್ದವು.

ಆ ತಾಯಿಗೆ ಹೆಸರೊಂದಿತ್ತು, ಆದರೆ ಬೀದಿಯವರಿಗೆಲ್ಲ ಆಕೆ ಕತ್ತರಿಯಮ್ಮ. ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವ ಮೇಜಿಗೆ ಇಪ್ಪತ್ತಾರು ವರ್ಷ ಅವಳೇ ಯಜಮಾನಿ. ಗುರುತು ಹಾಕದೆ, ಅಳತೆಪಟ್ಟಿ ಮುಟ್ಟದೆ, ಕಣ್ಣಳತೆಯಲ್ಲೇ ತೋಳು, ಕೊರಳು ಕತ್ತರಿಸಿ ಬಿಸಾಡುತ್ತಿದ್ದಳು. ಒಂದು ದಿನ ಮೇಲಿನ ಹಲಗೆಯಿಂದ ಬಟ್ಟೆಯ ಸುರುಳಿ ಎಳೆಯಲು ಹೋಗಿ ಏಣಿಯ ಸಮೇತ ಬಿದ್ದಳು. ಕತ್ತಿನ ಮೂಳೆ ಮುರಿಯಿತು. ಭುಜದಿಂದ ಕೆಳಗೆ ಮೈ ಅವಳ ಮಾತು ಕೇಳುವುದನ್ನು ಬಿಟ್ಟಿತು. ನಾಲಿಗೆ ಮಾತ್ರ ಮೊದಲಿಗಿಂತ ಹರಿತವಾಯಿತು.

ಅವಳ ಸಿಟ್ಟಿಗೆ ಕಾರಣ ಮಲಗಿರುವುದಷ್ಟೇ ಅಲ್ಲ. ಸಾಕು ಎಂದರೆ ಯಾರೂ ಕೇಳುತ್ತಿರಲಿಲ್ಲ. "ಇನ್ನೊಂದೇ ಚಮಚ" ಎಂದು ಸೊಸೆ, "ತಿನ್ನು, ಶಕ್ತಿ ಬೇಕಲ್ಲ" ಎಂದು ಮಗ, "ಚಿಕ್ಕವಳಿದ್ದಾಗಲೂ ಹೀಗೇ ಹಟ" ಎಂದು ಅಜ್ಜಿ. ಬಾಯಿ ಮುಚ್ಚಿದರೆ ಗಂಜಿ ಗಲ್ಲಕ್ಕೆ ಮೆತ್ತುತ್ತಿತ್ತು, ತೆರೆದರೆ ಒಳಗೆ ಹೋಗುತ್ತಿತ್ತು.

ಹಾಗಾಗಿ ಸಂಶೋಧನೆಯವರು ಬಂದು ಯಂತ್ರದ ಕೈ ಕೊಡುತ್ತೇವೆ, ಅದಕ್ಕೆ ತಲೆಬುರುಡೆ ಕೊರೆಯಬೇಕು ಎಂದಾಗ ಮಗ ಹೆದರಿದ, ಅಜ್ಜಿ ಅತ್ತಳು, ಇವಳು ಮಾತ್ರ "ಯಾವತ್ತು?" ಎಂದು ಕೇಳಿದಳು. ಮಿದುಳಿನ ಮೇಲೆ ಉಗುರಿನಗಲದ ಬಿಲ್ಲೆಯೊಂದನ್ನು ಕೂರಿಸಿದರು. ನೆತ್ತಿಯಲ್ಲಿ ಕೋಟಿನ ಗುಂಡಿಯಷ್ಟು ದೊಡ್ಡ ಲೋಹದ ಮುಚ್ಚಳ ಬಂತು. ಅದಕ್ಕೆ ವೈರು ಸಿಕ್ಕಿಸಿದರೆ, ಅವಳು ಕೈ ಆಡಿಸಲು ಮನಸ್ಸು ಮಾಡಿದ್ದು ಒಂದು ಪೆಟ್ಟಿಗೆಗೆ ತಿಳಿಯುತ್ತದೆ, ಪೆಟ್ಟಿಗೆಯು ಮಂಚದ ಪಕ್ಕದ ಮೇಜಿಗೆ ಬಿಗಿದ ಯಂತ್ರದ ಕೈಗೆ ಹೇಳುತ್ತದೆ, ಕೈ ಆಡುತ್ತದೆ. ಹೇಳುವುದು ಸುಲಭ.

"ಮೂಗಿಗಿಂತ ಮೂಗುತಿ ಭಾರ" ಎಂದಳು ಅಜ್ಜಿ, ಆ ಕೈಯನ್ನು ಇಬ್ಬರು ಗಂಡಸರು ಹೊತ್ತು ತಂದಾಗ.

ಪ್ರಯೋಗ ಹನ್ನೆರಡು ವಾರಗಳದ್ದು. ಲ್ಯಾಬಿನಿಂದ ವಾರಕ್ಕೊಮ್ಮೆ ಒಬ್ಬ ಹುಡುಗಿ ಬರುತ್ತಿದ್ದಳು. ಉಳಿದ ದಿನ ಮನೆಯವರೇ ಅಭ್ಯಾಸ ಮಾಡಿಸಬೇಕು. ಪೆಟ್ಟಿಗೆಯ ಹಿಂದೆ ಫ್ಯಾನಿನ ರೆಗ್ಯುಲೇಟರಿನಂಥ ಒಂದು ನಾಬ್ ಇತ್ತು. ಅದು ಯಂತ್ರ ಎಷ್ಟು ಸಹಾಯ ಮಾಡಬೇಕೆಂಬ ಲೆಕ್ಕ. ನೂರಕ್ಕಿಟ್ಟರೆ, ಅವಳು ಹೊರಡಿಸಿದರೆ ಸಾಕು, ಯಂತ್ರವೇ ಕ್ಯಾಮರಾದಲ್ಲಿ ಲೋಟ ನೋಡಿ, ಹಿಡಿದು, ಬಾಯಿಗೆ ತರುತ್ತದೆ. ಸೊನ್ನೆಗಿಟ್ಟರೆ ಎಲ್ಲವೂ ಅವಳದೇ. ಮೊದಲು ಎಂಬತ್ತು, ಆಮೇಲೆ ಅರವತ್ತು, ನಲವತ್ತು, ಇಪ್ಪತ್ತು, ಹೀಗೆ ವಾರವಾರ ಇಳಿಸುತ್ತ ಹೋಗಬೇಕು.

"ನಾಬ್ ಎಷ್ಟರಲ್ಲಿದೆ, ಇಪ್ಪತ್ತು ಸಲದಲ್ಲಿ ಎಷ್ಟು ಸಲ ಲೋಟ ಬಾಯಿಗೆ ಬಂತು, ಈ ಪುಸ್ತಕದಲ್ಲಿ ಬರೀಬೇಕು" ಎಂದಳು ಲ್ಯಾಬಿನ ಹುಡುಗಿ ಸೊಸೆಗೆ.

"ಪೆಟ್ಟಿಗೆ ತಾನೇ ಬರ್ಕೊಳ್ಳಲ್ವಾ?" ಎಂದ ಎಲೆಕ್ಟ್ರಿಷಿಯನ್.

"ನಾಬ್ ಕೊನೇಲಿ ಸೇರಿಸಿದ್ದು ಸಾರ್. ಮುಂದಿನ ಮಾದರೀಲಿ ಸರಿ ಮಾಡ್ತೀವಿ."

ಮಿದುಳಿನ ಮಾತು ಕೇಳುವ ಯಂತ್ರ ಕಟ್ಟಿದವರು ನಾಬಿನ ಲೆಕ್ಕವನ್ನು ಬೇಕರಿ ಕೌಂಟರಿನಲ್ಲಿ ಬೆಳಿಗ್ಗೆ ಆರರಿಂದ ಒಂದರವರೆಗೆ ನಿಂತು ಬರುವ ಸೊಸೆಯ ತಲೆಗೆ ಕಟ್ಟಿದ್ದರು.

ಎಂಟನೆಯ ವಾರ ದೊಡ್ಡ ಡಾಕ್ಟರು ಬಂದು ನೋಡುತ್ತಾರೆ. ನಾಬ್ ಇಪ್ಪತ್ತರಲ್ಲಿದ್ದಾಗ ಲೋಟ ಹದಿನೈದು ಸಲ ಬಾಯಿಗೆ ಬಂದರೆ ಎರಡನೆಯ ಹಂತ: ಇನ್ನೂ ಎರಡು ವರ್ಷ ಕೈ ಮನೆಯಲ್ಲೇ, ಜೊತೆಗೆ ದಿನಕ್ಕೆ ಆರು ಗಂಟೆ ತರಬೇತಾದ ಆಯಾ. ಮಗನ ಕಣ್ಣಿದ್ದದ್ದು ಆ ಆರು ಗಂಟೆಯ ಮೇಲೆ. ಸೊಸೆಯ ಕಣ್ಣೂ ಅಲ್ಲೇ ಇತ್ತು. ಸುಳ್ಳೇಕೆ?

"ನಿಮಗೇನಾಸೆ ಅಮ್ಮ, ಕೈ ಬಂದ ಮೇಲೆ?" ಎಂದು ಲ್ಯಾಬಿನ ಹುಡುಗಿ ಕೇಳಿದಳು.

"ಬೇಕು ಅಂದಾಗ ಬರಬೇಕು, ಸಾಕು ಅಂದಾಗ ನಿಲ್ಲಬೇಕು. ನನ್ನ ಮಾತೊಂದನ್ನೇ ಕೇಳಬೇಕು. ಇನ್ನೇನಿಲ್ಲ" ಎಂದಳು ಕತ್ತರಿಯಮ್ಮ.

ಮೊದಲ ದಿನ ಬಹಳ ಹೊತ್ತು ಏನೂ ನಡೆಯಲಿಲ್ಲ. "ಕೈ ಮುಚ್ಚಿ ತೆರೀತಿದ್ದೀನಿ ಅಂದ್ಕೊಳ್ಳಿ" ಎಂದು ಹುಡುಗಿ ಹೇಳುವುದು, ಇವಳು ಹಲ್ಲು ಕಚ್ಚುವುದು, ಯಂತ್ರ ಕಲ್ಲಿನಂತೆ ಕೂರುವುದು.

"ಖಾಲಿ ಕೈ ಯಾರಾದ್ರೂ ಸುಮ್ನೆ ಮುಚ್ಚಿ ತೆರೀತಾರೇನೇ? ತೊಟ್ಟಿಲಲ್ಲಿರೋ ಮಗುನಾ ನಾನು?"

"ಮತ್ತೆ ನಿಮ್ಮ ಕೈಗೆ ಏನು ಅಭ್ಯಾಸವೋ ಅದನ್ನ ನೆನೆಸ್ಕೊಳ್ಳಿ."

ಕತ್ತರಿಯಮ್ಮ ಕಣ್ಣು ಮುಚ್ಚಿ ದಪ್ಪ ಜೀನ್ಸ್ ಬಟ್ಟೆಯ ಎಂಟು ಪದರದ ಮೇಲೆ ದೊಡ್ಡ ಕತ್ತರಿಯಿಟ್ಟಳು. ಯಂತ್ರದ ಮೂರು ಬೆರಳು ಕಟಕ್ಕನೆ ಮುಚ್ಚಿಕೊಂಡವು. ಅಜ್ಜಿ ಕುರ್ಚಿಯಿಂದ ಎದ್ದೇಬಿಟ್ಟಳು. ಆಮೇಲೆ ಎಲ್ಲವೂ ಕತ್ತರಿಯ ಲೆಕ್ಕದಲ್ಲೇ ನಡೆಯಿತು. ಲೋಟದ ಕಡೆ ಹೋಗುವುದೆಂದರೆ ಉದ್ದಕ್ಕೆ ಕತ್ತರಿಸುವುದು. ಬಾಯಿಗೆ ತರುವುದೆಂದರೆ ತೋಳಿನ ದುಂಡು ಬಾಗು ಕತ್ತರಿಸುವುದು. ಬಿಡುವುದೆಂದರೆ ಕತ್ತರಿ ಅಗಲಿಸುವುದು. ಎಂಬತ್ತರಲ್ಲಿ ಹತ್ತೊಂಬತ್ತು ಸಲ ಬಂತು. ಅರವತ್ತರಲ್ಲಿ ಹದಿಮೂರು. ನಲವತ್ತಕ್ಕಿಳಿಸಿದಾಗ ಆರು.

ಇಪ್ಪತ್ತು ಸಲದಲ್ಲಿ ಆರು ಸಲ ಬಂತು ಎಂದರೆ ಹದಿನಾಲ್ಕು ಸಲ ತಪ್ಪಿತು ಎಂದರ್ಥ. ಹದಿನಾಲ್ಕರಲ್ಲಿ ಕೆಲವು ಮೇಜಿನ ಮೇಲೆ, ಕೆಲವು ನೆಲದ ಮೇಲೆ, ಮೂರೋ ನಾಲ್ಕೋ ನೇರ ಹಾಸಿಗೆಯ ಮೇಲೆ. ಹಾಸಿಗೆ ಒದ್ದೆಯಾದರೆ ನೆತ್ತಿಯ ವೈರು ಬಿಚ್ಚಬೇಕು. ಹೆಣಭಾರದ ಮೈಯನ್ನು ಪಕ್ಕಕ್ಕೆ ಹೊರಳಿಸಬೇಕು, ಒದ್ದೆ ಚಾದರ ಎಳೆದು, ರಬ್ಬರ್ ಹಾಳೆ ಒರೆಸಿ, ಬೆನ್ನು ಒರೆಸಿ, ಪೌಡರ್ ಹಾಕಿ, ಒಣಗಿದ್ದು ಹಾಸಿ, ಮತ್ತೆ ಇತ್ತ ಹೊರಳಿಸಬೇಕು. ಒದ್ದೆ ಉಳಿದರೆ ಬೆನ್ನಿಗೆ ಹುಣ್ಣು. ಒಂದು ಸಲಕ್ಕೆ ನಲವತ್ತು ನಿಮಿಷ. ಆಮೇಲೆ ಒಗೆಯುವುದು, ಹಿಂಡುವುದು, ಓಣಿಯ ಉದ್ದಕ್ಕೂ ಹಗ್ಗಕ್ಕೆ ಹರವುವುದು. ಆ ವಾರ ಸೊಸೆ ಹದಿನೇಳು ಚಾದರ ಒಗೆದಳು.

"ಅತ್ತೆ, ನೀರಿನ ಬದಲು ಖಾಲಿ ಲೋಟ ಇಡ್ಲಾ?"

"ಖಾಲಿ ಲೋಟದ ತೂಕ ಬೇರೆ, ತುಂಬಿದ್ದರ ತೂಕ ಬೇರೆ. ಕಾಗದ ಕತ್ತರಿಸಿ ಬಟ್ಟೆ ಕಲಿಯೋಕಾಗತ್ತಾ?"

"ಅರ್ಧ ಹಾಕ್ಲಾ?"

"ನಿನಗೆ ಕಷ್ಟ ಆದ್ರೆ ಹೇಳಿಬಿಡು, ನಿಲ್ಲಿಸ್ತೀನಿ."

ಕಷ್ಟ ಎಂದು ಹೇಗೆ ಹೇಳುವುದು? ಮಂಚದ ಮೇಲೆ ನಾಲ್ಕು ವರ್ಷ ಬಿದ್ದವಳ ಮುಂದೆ, ನಿಂತಿರುವವಳ ಕಷ್ಟಕ್ಕೆ ಬೆಲೆ ಇದೆಯೇ? ಸೊಸೆ ತುಂಬಿದ ಲೋಟವನ್ನೇ ಇಟ್ಟಳು. ಅದೂ ಚೆಲ್ಲಿತು.

ಮರುದಿನ ಮಧ್ಯಾಹ್ನ ಬೇಕರಿಯಿಂದ ಬಂದವಳು, ಊಟಕ್ಕೂ ಕೂರದೆ, ಪೆಟ್ಟಿಗೆಯ ಹಿಂದೆ ಕೈ ಹಾಕಿ ನಾಬನ್ನು ನಲವತ್ತರಿಂದ ತೊಂಬತ್ತಕ್ಕೆ ತಿರುಗಿಸಿದಳು. ಇವತ್ತೊಂದು ದಿನ, ಎಂದುಕೊಂಡಳು. ಪುಸ್ತಕದಲ್ಲಿ ನಲವತ್ತು ಎಂದೇ ಬರೆದಳು. ಲೋಟ ಇಪ್ಪತ್ತು ಸಲದಲ್ಲಿ ಹದಿನೆಂಟು ಸಲ ಒಂದು ಹನಿಯೂ ಚೆಲ್ಲದೆ ಬಾಯಿಗೆ ಬಂತು.

ಕತ್ತರಿಯಮ್ಮ ಹದಿನೆಂಟನೆಯ ಸಲದ ಗುಟುಕು ನುಂಗಿ ಗೊಳೋ ಎಂದು ಅತ್ತುಬಿಟ್ಟಳು. ಏಣಿಯಿಂದ ಬಿದ್ದಾಗಲೂ ಅತ್ತವಳಲ್ಲ.

ಅಲ್ಲಿಗೆ ಸೊಸೆ ಸಿಕ್ಕಿಬಿದ್ದಳು. ಅತ್ತ ದರಿ, ಇತ್ತ ಪುಲಿ. ಮರುದಿನ ನಲವತ್ತಕ್ಕಿಳಿಸಿದರೆ ಆ ಮುಖ ನೋಡುವುದು ಹೇಗೆ? ಇಳಿಸಲಿಲ್ಲ. ಕತ್ತರಿಯಮ್ಮ ದಿನಕ್ಕೆ ಮೂರು ಹೊತ್ತು ತಾನೇ ಚಹಾ ಕುಡಿಯತೊಡಗಿದಳು. ಅಜ್ಜಿಯ ಕೈಲಿ ತಲೆ ಬಾಚಿಸಿಕೊಂಡಳು. ಕಾರ್ಖಾನೆಯ ಹಳೆಯ ಶಿಷ್ಯರಿಗೆ ಫೋನು ಹಚ್ಚಿಸಿ, ಐದು ಜನರನ್ನು ಕರೆಸಿ, ಅವರ ಎದುರು ಲೋಟ ಎತ್ತಿ ತೋರಿಸಿದಳು. ಅವರು ಚಪ್ಪಾಳೆ ತಟ್ಟಿದರು. ಸೊಸೆ ಅಡುಗೆಮನೆಯಲ್ಲಿ ನಿಂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು, ಸವರಿದ್ದಕ್ಕೇ ಮತ್ತೆ ಸವರುತ್ತಿದ್ದಳು.

ಐದನೆಯ ವಾರ ವೈರೊಂದು ಸಡಿಲವಾಗಿದೆಯೆಂದು ನೋಡಲು ಬಗ್ಗಿದ ಮಗನಿಗೆ ನಾಬ್ ಕಂಡಿತು. ಹೆಂಡತಿಯನ್ನು ಅಡುಗೆಮನೆಗೆ ಕರೆದ.

"ಏನಿದು ತೊಂಬತ್ತು?"

"ಮೆಲ್ಲಗೆ ಮಾತಾಡಿ."

"ಪುಸ್ತಕದಲ್ಲಿ ಇಪ್ಪತ್ತು ಅಂತಿದೆ."

"ಚಾದರ ನೀವು ಒಗೀತೀರಾ? ಒಗೀತೀನಿ ಅನ್ನಿ, ಈಗಲೇ ಹೋಗಿ ಇಳಿಸ್ತೀನಿ."

ಅವನು ಮಿಣುಕುವ ಟ್ಯೂಬ್‌ಲೈಟಿನ ಕಡೆ ನೋಡಿದ.

"ಆ ಲ್ಯಾಬಿನವಳು ನೋಡಿದ್ರೆ?"

"ನೋಡಿದ್ರೆ ನೋಡ್ತಾಳೆ."

ಮಾರನೆಯ ದಿನ ಅವನು ಸಣ್ಣ ಸ್ಕ್ರೂಡ್ರೈವರ್ ತಂದು ನಾಬಿನ ಟೋಪಿ ಕಿತ್ತ. ಒಳಗಿನ ಕಡ್ಡಿಯನ್ನು ತೊಂಬತ್ತರಲ್ಲೇ ಬಿಟ್ಟು, ಟೋಪಿಯನ್ನು ಮಾತ್ರ ತಿರುಚಿ, ಬಾಣದ ಗುರುತು ಇಪ್ಪತ್ತಕ್ಕೆ ಬರುವಂತೆ ಕೂರಿಸಿ ಬಿಗಿದ. ಎರಡು ನಿಮಿಷದ ಕೆಲಸ. ಒಂದು ಚಾದರ ಹಿಂಡಲು ಬಾರದ ಕೈ ಕಳ್ಳಕೆಲಸಕ್ಕೆ ಎಷ್ಟು ಚುರುಕು ನೋಡಿ. ಅವನ ಪ್ರಕಾರ ಅದು ಕಳ್ಳತನವಲ್ಲ. ತಾಯಿಗೆ ಸಂತೋಷ, ಹೆಂಡತಿಗೆ ಬಿಡುವು, ಮನೆಗೆ ಎರಡು ವರ್ಷ ಆಯಾ, ಯಾರಿಗೆ ನಷ್ಟ? ಆ ವಾರ ಲ್ಯಾಬಿನ ಹುಡುಗಿ ಬಗ್ಗಿ ನಾಬ್ ನೋಡಿದಳು, ಇಪ್ಪತ್ತು ಎಂದು ಓದಿದಳು, "ಇಷ್ಟು ಬೇಗ ಕಲಿತವರು ನೀವೊಬ್ಬರೇ ಅಮ್ಮ" ಎಂದಳು.

ಏಳನೆಯ ವಾರದ ಕೊನೆಯ ಮಧ್ಯಾಹ್ನ. ಸೊಸೆ ಓಣಿಯಲ್ಲಿ ಬಟ್ಟೆ ಹರವುತ್ತಿದ್ದಳು. ಅಜ್ಜಿ ಚಹಾ ಮಾಡಿ, ಆರಿಸುವುದನ್ನು ಮರೆತು, ಲೋಟವನ್ನು ಮೇಜಿನ ಮೇಲಿಟ್ಟಳು. ಯಂತ್ರ ಲೋಟ ಹಿಡಿಯಿತು, ಎತ್ತಿತು. ಅದು ಹತ್ತಿರ ಬರುತ್ತಿದ್ದಂತೆ ಹಬೆ ಕತ್ತರಿಯಮ್ಮನ ಮೂಗಿಗೆ ಬಡಿಯಿತು. ಬೇಡ, ಎಂದುಕೊಂಡಳು. ಮನಸ್ಸಿನಲ್ಲೇ ಕತ್ತರಿಯನ್ನು ನಿಲ್ಲಿಸಿದಳು, ಹಿಂದಕ್ಕೆಳೆದಳು. ಲೋಟ ಬಂತು. ಬೇಡ ಬೇಡ ಎಂದು ಕೂಗಿದಳು. ಲೋಟ ಬಂತು. ತುಟಿ ಬಿಗಿದಳು, ಮುಖ ತಿರುಗಿಸಿದಳು. ಅದು ತುಟಿ ಇರಬೇಕಾದ ಜಾಗಕ್ಕೆ ಬಂದು ನಿಧಾನವಾಗಿ ಬಾಗಿತು. ಬಿಸಿ ಚಹಾ ಕೆನ್ನೆಯಿಂದ ಕತ್ತಿಗಿಳಿಯಿತು.

ಅಜ್ಜಿ ಸೆರಗಿನಿಂದ ಒರೆಸುತ್ತ, "ಪಾಪಿ ಯಂತ್ರ, ಕೆಟ್ಟುಹೋಯ್ತೇನೋ" ಎಂದಳು.

"ಕೆಟ್ಟಿಲ್ಲಮ್ಮ. ಕಾರ್ಖಾನೆಗೆ ಹೊಸ ಹುಡುಗರು ಬಂದಾಗ ಏನು ಮಾಡ್ತಿದ್ದೆ ಗೊತ್ತಾ? ಅವರ ಕೈಗೆ ಕತ್ತರಿ ಕೊಟ್ಟು, ಮೇಲೆ ನನ್ನ ಕೈಯಿಟ್ಟು ಕತ್ತರಿಸ್ತಿದ್ದೆ. ಬಟ್ಟೆ ಚೆಂದ ಬರೋದು. ನಾನೇ ಕತ್ತರಿಸಿದೆ ಅಂತ ಮನೆಗೆ ಹೋಗಿ ಹೇಳ್ಕೊಳ್ಳೋರು, ದಡ್ಡರು." ಅವಳು ಪೆಟ್ಟಿಗೆಯ ಕಡೆ ನೋಡಿದಳು. "ನನ್ನ ಕೈ ಮೇಲೆ ಯಾರೋ ಕೈಯಿಟ್ಟಿದ್ದಾರೆ. ಆ ನಾಬ್ ತಿರುಗಿಸು."

"ನನಗೇನು ಗೊತ್ತಾಗತ್ತೆ ಅದೆಲ್ಲ?"

"ಫ್ಯಾನು ಆರಿಸೋ ಹಾಗೆ. ಸೊನ್ನೆಗೆ ತಾ."

ಅಜ್ಜಿ ಕನ್ನಡಕ ಹಾಕಿಕೊಂಡು, ನಡುಗುವ ಬೆರಳಲ್ಲಿ ತಿರುಗಿಸಿದಳು. "ಬಂತು, ಸೊನ್ನೆ."

"ಇನ್ನೂ ತಿರುಗತ್ತಾ?"

"ತಿರುಗತ್ತಲ್ಲೇ. ಸೊನ್ನೆ ಆದ್ಮೇಲೂ ತಿರುಗ್ತಾನೇ ಇದೆ." ಅರ್ಧ ಸುತ್ತಿಗೂ ಮಿಗಿಲಾಗಿ ಹೋಗಿ ಟಕ್ಕೆಂದು ನಿಂತಿತು.

ಕತ್ತರಿಯಮ್ಮ ಮತ್ತೆ ಲೋಟದ ಕಡೆ ಹೋಗಲು ಪ್ರಯತ್ನಿಸಿದಳು. ಕೈ ಒಮ್ಮೆ ನಡುಗಿ, ಅಡ್ಡಕ್ಕೆ ಹೋಗಿ, ಮೇಜಿಗೆ ಬಡಿದು ಬಿತ್ತು. ಹತ್ತು ಸಲ ಹಾಗೇ ಆಯಿತು. ಸೊಸೆ ಖಾಲಿ ಬುಟ್ಟಿ ಹಿಡಿದು ಒಳಗೆ ಬಂದಾಗ ಅತ್ತೆಯ ಕಣ್ಣು ಬಾಗಿಲಲ್ಲೇ ಇತ್ತು.

"ಎಷ್ಟು ದಿನದಿಂದ?"

ಸೊಸೆ ಬುಟ್ಟಿ ಕೆಳಗಿಟ್ಟಳು. ಸುಳ್ಳು ಹೇಳಲಿಲ್ಲ. "ನಾಲ್ಕು ವಾರ ಆಗ್ತಾ ಬಂತು."

"ನನ್ನ ಹುಡುಗರೆಲ್ಲ ಚಪ್ಪಾಳೆ ತಟ್ಟಿದ್ರು."

"ಹೂಂ."

"ಅಡುಗೆಮನೇಲಿ ನಿಂತು ನಕ್ಕಿರಬೇಕು ನೀನು."

"ನಗೋಕೆ ಪುರಸೊತ್ತೆಲ್ಲಿತ್ತು ಅತ್ತೆ?"

"ಚಮಚ ತುರುಕೋದು ಸಾಲದು ಅಂತ ಯಂತ್ರದ ಕೈಲೂ ತುರುಕಿಸಿದೆ. ನಾನು ಬೇಡ ಅಂತ ಅರಚ್ಕೊಂಡೆ, ಅದು ಬಂದು ಸುರೀತು. ಇದಕ್ಕಾ ನಾನು ತಲೆ ಕೊರೆಸ್ಕೊಂಡಿದ್ದು?"

ಸೊಸೆಗೆ ಹೇಳಲು ಬಹಳವಿತ್ತು. ಅತ್ತೆಯ ಕತ್ತಿನ ಮೇಲೆ ಕೆಂಪಾದ ಪಟ್ಟಿ ಕಂಡು ತಣ್ಣೀರಿನ ಬಟ್ಟೆ ತರಲು ಹೋದಳು. ಕತ್ತರಿಯಮ್ಮ ಅವಳ ಕೈಲಿ ಒರೆಸಿಕೊಳ್ಳಲಿಲ್ಲ, ಅಜ್ಜಿಯೇ ಒರೆಸಬೇಕಾಯಿತು.

ಸಂಜೆ ಮಗ ಬಂದ. ಊಟದ ತಟ್ಟೆಯ ಮುಂದೆ ಕೂರುವ ಮೊದಲೇ ಶುರುವಾಯಿತು. ಟೋಪಿ ತಿರುಚಿದ್ದು ತಾನೇ ಎಂದು ಅವನೂ ಒಪ್ಪಿದ, ಆದರೆ ತಪ್ಪು ಎಂದು ಒಪ್ಪಲಿಲ್ಲ.

"ಡಾಕ್ಟ್ರು ಬರೋಕೆ ಇನ್ನು ಎರಡೇ ದಿನ. ಆ ದಿನ ಒಂದು ಹಾಗೇ ಇರಲಿ. ಆಮೇಲೆ ಎರಡು ವರ್ಷ ಇರತ್ತಲ್ಲ, ಸೊನ್ನೇಲಿಟ್ಟು ಎಷ್ಟು ಬೇಕಾದ್ರೂ ಕಲಿ."

"ಕದ್ದು ಪಾಸಾಗು ಅಂತೀಯ."

"ಕದಿಯೋದೇನು ಬಂತು? ಎಲ್ಲಾ ನಿನಗೋಸ್ಕರ ತಾನೇ."

"ನನಗೋಸ್ಕರ ಅಂದ್ಮೇಲೆ ನನ್ನ ಕೇಳಬೇಕಿತ್ತು. ನನ್ನ ಬಾಯಿ ಇನ್ನೂ ಸತ್ತಿಲ್ಲ."

"ಹಾಗಾದ್ರೆ ಸೊನ್ನೇಲಿ ಎತ್ತಿ ತೋರ್ಸು ನೋಡೋಣ" ಎಂದುಬಿಟ್ಟ ಮಗ.

"ಥೂ ನಿನ್ನ" ಎಂದಳು ಅಜ್ಜಿ. "ಹೆತ್ತವಳಿಗೆ ಆಡೋ ಮಾತೇನೋ ಅದು? ಎದ್ದು ಹೋಗು."

ಅವನು ಎದ್ದು ಹೋಗಲಿಲ್ಲ, ಉಂಡ. ಉಣ್ಣದೆ ಉಳಿದವರು ಇಬ್ಬರು, ಅತ್ತೆ ಮತ್ತು ಸೊಸೆ.

ಎರಡು ದಿನ ಕತ್ತರಿಯಮ್ಮ ಸೊಸೆಯ ಜೊತೆ ಮಾತಾಡಲಿಲ್ಲ. ಸೊಸೆಯೇ ಉಣಿಸಿದಳು, ಹೊರಳಿಸಿದಳು, ಒರೆಸಿದಳು. ಮೈಯನ್ನು ಅವಳ ಕೈಗೆ ಕೊಟ್ಟು ಮುಖವನ್ನು ಗೋಡೆಗೆ ತಿರುಗಿಸಿಕೊಂಡಿರುವುದೂ ಒಂದು ಬಗೆಯ ಜಗಳ. ಆ ಮನೆಯಲ್ಲಿ ಅದಕ್ಕಿಂತ ಜೋರಾದ ಜಗಳ ನಡೆದದ್ದಿಲ್ಲ.

ದೊಡ್ಡ ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಲ್ಯಾಬಿನ ಹುಡುಗಿ ಪುಸ್ತಕ ತೆರೆದು ಅಂಕೆಗಳನ್ನು ತೋರಿಸಿದಳು. ಡಾಕ್ಟರ ಮುಖ ಅರಳಿತು.

"ಡಾಕ್ಟ್ರೇ, ಆ ಪುಸ್ತಕ ಮುಚ್ಚಿಬಿಡಿ" ಎಂದಳು ಕತ್ತರಿಯಮ್ಮ. "ನಾಲ್ಕು ವಾರದ್ದು ಸುಳ್ಳು. ನಾಬ್ ತೊಂಬತ್ತರಲ್ಲಿತ್ತು. ಎತ್ತಿದ್ದು ನಾನಲ್ಲ, ನಿಮ್ಮ ಯಂತ್ರ."

ಮಗ ಹಣೆಗೆ ಕೈಯಿಟ್ಟುಕೊಂಡ. ಲ್ಯಾಬಿನ ಹುಡುಗಿ ಪೆಟ್ಟಿಗೆಯ ಹಿಂದೆ ಬಗ್ಗಿದಳು, ನಾಬ್ ತಿರುಗಿಸಿ ನೋಡಿದಳು, ಕೆಂಪಗಾದಳು.

"ಇದನ್ನ ಮಾಡಿದ್ದು ಯಾರು?" ಎಂದರು ಡಾಕ್ಟರು.

"ನಮ್ಮ ಮನೆ ವಿಷಯ. ನಾವು ನೋಡ್ಕೋತೀವಿ" ಎಂದಳು ಕತ್ತರಿಯಮ್ಮ.

"ತಿರುಗಿಸಿದ್ದು ನಾನು." ಸೊಸೆ ಅಡುಗೆಮನೆಯ ಬಾಗಿಲಿನಿಂದ ಮುಂದೆ ಬಂದಳು.

"ಕಷ್ಟ ಆಗ್ತಿದ್ರೆ ನಮಗೆ ತಿಳಿಸಬಹುದಿತ್ತಲ್ಲಮ್ಮ? ಪುಸ್ತಕದಲ್ಲಿ ಒಂದು ಮಾತು ಬರೆದಿದ್ರೂ ಸಾಕಿತ್ತು."

"ಎಲ್ಲಿ ಬರೀಲಿ ಸಾರ್? ಲೋಟ ಬಾಯಿಗೆ ಬಂದಿದ್ದಕ್ಕೆ ಒಂದು ಖಾನೆ ಇದೆ, ಮೇಜಿಗೆ ಬಿದ್ದಿದ್ದಕ್ಕೆ ಇದೆ, ಅತ್ತೆಗೆ ತಲೆನೋವು ಬಂತಾ, ನಿದ್ದೆ ಬಂತಾ ಅನ್ನೋದಕ್ಕೂ ಇದೆ. ಒಂದು ವಾರಕ್ಕೆ ಹದಿನೇಳು ಚಾದರ ಒಗೆದೆ. ಚಾದರಕ್ಕೆ ಖಾನೆ ಎಲ್ಲಿದೆ ತೋರ್ಸಿ. ಬೆಳಿಗ್ಗೆ ಬೇಕರೀಲಿ ಏಳು ಗಂಟೆ ನಿಂತು ಬರ್ತೀನಿ. ಬಂದು ಇವರನ್ನ ಹೊರಳಿಸ್ತೀನಿ. ನನ್ನ ಸೊಂಟ ಹೇಗಿದೆ ಅಂತ ನಿಮ್ಮಲ್ಲಿ ಒಬ್ಬರಾದ್ರೂ ಕೇಳಿದ್ರಾ? ಅತ್ತೆ ಕೇಳಿದ್ರಾ? ಇವರು ಕೇಳಿದ್ರಾ?" ಗಂಡನ ಕಡೆ ಬೆರಳು ತೋರಿಸಿದಳು. "ಅವರಿಗೆ ಹೊಸ ಕೈ ತಂದ್ರಿ. ಅದರ ಚಾಕರಿಗೆ ನನ್ನ ಎರಡು ಹಳೇ ಕೈ ಬಿಟ್ಟಿ ಸಿಕ್ಕಿತು."

ಡಾಕ್ಟರು ಪುಸ್ತಕದ ಖಾನೆಗಳನ್ನು ತಿರುವಿ ನೋಡಿದರು. ಕತ್ತರಿಯಮ್ಮ ಡಾಕ್ಟರ ಕಡೆಯಿಂದ ಮುಖ ತಿರುಗಿಸಿ ಸೊಸೆಯನ್ನು ನೋಡಿದಳು. ಎರಡು ದಿನದಲ್ಲಿ ಅದೇ ಮೊದಲು.

"ಸರಿ, ಅವಳ ಸರದಿ ಆಯ್ತು, ಈಗ ನಂದು" ಎಂದಳು. "ನಾನು ಮನಸ್ಸು ಮಾಡಿದ್ದು ನಿಮ್ಮ ಪೆಟ್ಟಿಗೆಗೆ ತಿಳಿಯತ್ತೆ ಅಂದ್ರಿ. ನಾನು ಬೇಡ ಅಂದಿದ್ದು ಅದಕ್ಕೆ ಯಾಕೆ ತಿಳೀಲಿಲ್ಲ?"

"ಸಹಾಯ ಜಾಸ್ತಿ ಇಟ್ಟಾಗ ಯಂತ್ರ ಗುರಿ ಮುಟ್ಟೋದನ್ನೇ ನೋಡತ್ತಮ್ಮ. ಬೇಡ ಅನ್ನೋದನ್ನ ಈ ಹಂತದಲ್ಲಿ ನಾವು ಅಳೆಯೋದಿಲ್ಲ."

"ಅಳೆಯೋದೇನು ಮತ್ತೆ?"

"ಲೋಟ ಬಾಯಿಗೆ ಬಂತಾ ಅಂತ."

"ಅಷ್ಟಕ್ಕೆ ಸೊಸೆ ಸಾಕಾಗಿದ್ದಳಲ್ಲ ಡಾಕ್ಟ್ರೇ. ನನ್ನ ಬುರುಡೆ ಯಾಕೆ ತೂತು ಮಾಡಿದ್ರಿ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಕೊನೆಗೆ ಹೇಳಿದರು: ನಾಲ್ಕು ವಾರದ ಅಂಕೆ ಲೆಕ್ಕಕ್ಕಿಲ್ಲ, ಆದ್ದರಿಂದ ಎರಡನೆಯ ಹಂತವೂ ಇಲ್ಲ, ಆಯಾಳೂ ಇಲ್ಲ. ಪ್ರಯೋಗ ಮುಗಿಯಲು ನಾಲ್ಕು ವಾರ ಬಾಕಿಯಿದೆ. ಇಷ್ಟವಿದ್ದರೆ ಅಲ್ಲಿಯವರೆಗೆ ಕೈ ಇರಲಿ, ಆಮೇಲೆ ಒಯ್ಯುತ್ತೇವೆ.

"ಇರಲಿ" ಎಂದಳು ಕತ್ತರಿಯಮ್ಮ. "ಸೊನ್ನೇಲಿಟ್ಟು ಹೋಗಿ."

ಅವರ ಕಾರು ತಿರುವು ದಾಟುವ ಮೊದಲೇ ಮಗ ಸಿಡಿದ.

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದ್ರೆ ಇದೇ. ಎರಡು ವರ್ಷ, ದಿನಕ್ಕೆ ಆರು ಗಂಟೆ. ಒಂದು ದಿನ ಬಾಯಿ ಮುಚ್ಚಿಕೊಂಡಿದ್ರೆ ಆಗ್ತಿತ್ತು. ಇನ್ನು ಮಾಡೋರು ಯಾರು?"

"ಮಗ ಇದಾನಲ್ಲ" ಎಂದಳು ಅಜ್ಜಿ, ತಣ್ಣಗೆ.

"ನನಗೆ ಕೆಲಸ ಇಲ್ವಾ?"

"ನನಗಿಲ್ವಾ?" ಎಂದಳು ಸೊಸೆ.

"ಕೇಳಿಲ್ಲಿ" ಎಂದಳು ಕತ್ತರಿಯಮ್ಮ ಮಗನಿಗೆ. "ದಿನಾ ಸಂಜೆ ನೀನು ಬಂದ ಮೇಲೆ ನಾನು ಅಭ್ಯಾಸ ಮಾಡೋದು. ಭಾನುವಾರ ಮಧ್ಯಾಹ್ನ. ಚೆಲ್ಲಿದ್ದು ನೀನು ಒರೆಸಬೇಕು, ಚಾದರ ನೀನು ಒಗೀಬೇಕು. ಇವಳು ಆ ಹೊತ್ತಲ್ಲಿ ಬರೆಯೋದು ಬಿಟ್ಟು ಇನ್ನೇನನ್ನೂ ಮುಟ್ಟೋ ಹಾಗಿಲ್ಲ. ಆಗಲ್ಲ ಅಂದ್ರೆ ಈಗಲೇ ಹೇಳು, ಕಾರು ಇನ್ನೂ ದೂರ ಹೋಗಿರಲ್ಲ, ಕೈ ವಾಪಸ್ ಕೊಟ್ಟುಬಿಡ್ತೀನಿ."

ಮಗ ಗೊಣಗಿದ, ಕಾಲು ಅಪ್ಪಳಿಸಿದ, ಆಗಲ್ಲ ಎನ್ನಲು ಮಾತ್ರ ಬಾಯಿ ಬರಲಿಲ್ಲ.

ಆಮೇಲೆ ಸೊಸೆ ಉಣಿಸಲು ಕೂತಾಗ ಕತ್ತರಿಯಮ್ಮ, "ನಿನ್ನ ಮೇಲೆ ನನಗೆ ಕೋಪ ಹೋಗಿಲ್ಲ" ಎಂದಳು.

"ನನಗೂ ಹೋಗಿಲ್ಲ ಅತ್ತೆ."

"ಇರಲಿ. ಸೊಂಟಕ್ಕೆ ಏನಾಗಿದೆ?"

"ಎಡಗಡೆ ಹಿಡ್ಕೊಂಡಿದೆ."

"ನಾಳೆ ಡಾಕ್ಟ್ರಿಗೆ ತೋರಿಸ್ಕೊಂಡು ಬಾ. ಬೇಕರಿಗೆ ರಜೆ ಹಾಕು." ಮೂರನೆಯ ಚಮಚಕ್ಕೆ, "ಸಾಕು" ಎಂದಳು.

ಸೊಸೆಯ ಬಾಯಿಗೆ 'ಇನ್ನೊಂದೇ' ಬಂದಿತ್ತು. ನುಂಗಿಕೊಂಡು ಬಟ್ಟಲನ್ನು ಕೆಳಗಿಟ್ಟಳು.

ಮೊದಲ ಎರಡು ವಾರ ಸೊನ್ನೆಯಲ್ಲಿ ಏನೂ ನಡೆಯಲಿಲ್ಲ ಎಂದರೂ ಸರಿಯೇ. ಕೈ ಗೋಡೆಗೆ ಬಡಿಯಿತು, ಹೂದಾನಿ ಒಡೆಯಿತು, ಅಜ್ಜಿಯ ಕನ್ನಡಕವನ್ನು ಕೆಡವಿತು. "ನನ್ನ ಮೇಲೇನೇ ಸಿಟ್ಟು ನಿನಗೆ?" ಎಂದು ಅಜ್ಜಿ ಕುರ್ಚಿ ಸರಿಸಿಕೊಂಡಳು. ಮಗ ಮೊದಲ ದಿನ ಚಾದರವನ್ನು ಹಿಂಡದೆ ಹರವಿ ಓಣಿಯ ತುಂಬ ನೀರು ಮಾಡಿದ. ಎರಡನೆಯ ದಿನ ತಾಯಿಯನ್ನು ಹೊರಳಿಸಲು ಹೋಗಿ ಏದುಸಿರುಬಿಟ್ಟು, "ಇಷ್ಟು ಭಾರ ಇದ್ದೀಯ" ಎಂದ. "ನಾಲ್ಕು ವರ್ಷದಿಂದ ಇಷ್ಟೇ ಇದ್ದೀನಿ" ಎಂದಳು ತಾಯಿ. ಮೂರನೆಯ ವಾರದ ಹೊತ್ತಿಗೆ ಅವನು ಗೊಣಗುವುದು ನಿಲ್ಲಿಸಲಿಲ್ಲ, ಆದರೆ ಗೊಣಗುತ್ತಲೇ ಹಿಂಡಲು ಕಲಿತಿದ್ದ.

ಲ್ಯಾಬಿನವರು ಬಂದು ಕೈ ಒಯ್ಯಲು ಮೂರು ದಿನವಿದ್ದಾಗ, ಭಾನುವಾರ ಮಧ್ಯಾಹ್ನ, ಲೋಟದಲ್ಲಿ ತಣ್ಣೀರು ತುಂಬಿ ಇಟ್ಟಿತ್ತು. ಸೊಸೆ ಪುಸ್ತಕ ಹಿಡಿದು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದಳು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು. ಕತ್ತರಿಯಮ್ಮನ ಹಣೆಯಲ್ಲಿ ಬೆವರು. ಕೈ ಅಡ್ಡಾದಿಡ್ಡಿಯಾಗಿ ಹೊರಟಿತು, ತಡವರಿಸಿತು, ಲೋಟವನ್ನು ದಾಟಿ ಹೋಯಿತು, ಹಿಂದೆ ಬಂತು. ಬೆರಳು ಮುಚ್ಚಿಕೊಂಡವು. ಲೋಟ ಮೇಜು ಬಿಟ್ಟು ನಾಲ್ಕು ಬೆರಳಿನಷ್ಟು ಮೇಲೆದ್ದಿತು.

ಅಲ್ಲಿ ನಿಂತಿತು.

"ಹತ್ರ ತಾ ಅಮ್ಮ, ಬಾಯಿ ಹತ್ರ" ಎಂದ ಮಗ.

"ಸುಮ್ನಿರು. ನಾನೇ ನಿಲ್ಲಿಸಿದ್ದೀನಿ."

ಲೋಟ ಗಾಳಿಯಲ್ಲಿ ಸಣ್ಣಗೆ ನಡುಗುತ್ತ ನಿಂತೇ ಇತ್ತು. ಅವಳು ಬಾ ಎನ್ನಲಿಲ್ಲ, ಅದು ಬರಲಿಲ್ಲ. ಆಮೇಲೆ ನಿಧಾನವಾಗಿ ಒಂದು ಕಡೆಗೆ ವಾಲತೊಡಗಿತು. ಮಗ ತಡೆಯಲಾರದೆ ಕೆಳಗಿನಿಂದ ತನ್ನ ಅಂಗೈ ಚಾಚಿದ.

"ಕೈ ತೆಗಿ."

"ಚೆಲ್ಲತ್ತಮ್ಮ."

"ತೆಗಿ ಅಂದೆ."

ಅವನು ತೆಗೆದ. ಲೋಟ ಮಗುಚಿತು. ತಣ್ಣೀರು ಅವಳ ಎದೆಯಿಂದ ಹಾಸಿಗೆಯ ಉದ್ದಕ್ಕೂ ಹರಿಯಿತು. ಮಗ ಹಲ್ಲು ಕಡಿಯುತ್ತ ಒಣ ಚಾದರ ತರಲು ಒಳಗೆ ಹೋದ. ಸೊಸೆ ಅಭ್ಯಾಸಬಲದಿಂದ ಅರ್ಧ ಎದ್ದವಳು ಮತ್ತೆ ಕೂತಳು.

"ನಿಲ್ಲಿಸಿದ್ದು ನಾನು" ಎಂದಳು ಕತ್ತರಿಯಮ್ಮ. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು, ಕಣ್ಣು ಉರಿಯುತ್ತಿತ್ತು. "ಚೆಲ್ಲಿದ್ದೂ ನಾನೇ. ಬರ್ಕೋ."

"ಬಾಯಿಗೆ ಬಂದಿದ್ದು ಸೊನ್ನೆ ಅತ್ತೆ."

"ಸೊನ್ನೆ ಅಂತಲೇ ಬರ್ಕೋ. ಇನ್ನೊಂದು ಲೋಟ ತುಂಬಿಸು ಅವನ ಕೈಲಿ."

ಸೊಸೆ ಪುಸ್ತಕದ ಖಾನೆಯಲ್ಲಿ ಸೊನ್ನೆ ಬರೆದಳು.